ಗಾಡಿಯ ಗಾಲಿಯಿಂದ ಜೀಪಿನ ಟೈರಿನವರೆಗೆ: ಅಗಲವೋ, ಸುತ್ತಳತೆಯೋ?

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೋದ ಬೇಸಿಗೆಯಲ್ಲಿ ಶಾಲೆಗೆ ಬಂದಿದ್ದ. ತಳಿ ಕಡೆಯ ರೈತರ ಮಗ. ತರಕಾರಿ ಸಾಗಿಸಲು ಹಳೆಯ ಫೋರ್ ವೀಲ್ ಜೀಪು ಕೊಂಡಿದ್ದ. ಕೆಸರಿನಲ್ಲಿ ಹಿಡಿತ ಸಿಗಲಿ ಅಂತ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಅಗಲದ ಟೈರು ಹಾಕಿಸಿದ. ಕೆಲವೇ ತಿಂಗಳಲ್ಲಿ ಗೇರು ಮುರಿಯಿತು. ರಿಪೇರಿಗೆ ಮನೆಯ ಹಸು ಮಾರಬೇಕಾಯಿತು. "ಸಾರ್, ಅಗಲ ಇದ್ದರೆ ಒಳ್ಳೆಯದಲ್ಲವಾ?" ಎಂದು ಕೇಳಿದ. ಅವನ ಪ್ರಶ್ನೆಗೆ ಉತ್ತರ ಹುಡುಕಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಗಲದ ಗಾಲಿ ಒಳ್ಳೆಯದು ಎಂಬ ನಂಬಿಕೆ ಬಹಳ ಹಳೆಯದು, ಸುಳ್ಳೂ ಅಲ್ಲ. ಸಪೂರ ಕಬ್ಬಿಣದ ಪಟ್ಟಿಯ ಗಾಲಿ ಭಾರ ಹೊತ್ತರೆ ನೆಲವನ್ನು ಸೀಳುತ್ತದೆ. ರಸ್ತೆ ಹಾಳಾಗಬಾರದೆಂದು ಇಂಗ್ಲೆಂಡಿನಲ್ಲಿ 1753ರಲ್ಲೇ ಭಾರದ ಬಂಡಿಗಳಿಗೆ 9 ಅಂಗುಲ ಅಗಲದ ಗಾಲಿ ಇರಬೇಕೆಂದು ಕಾನೂನು ಮಾಡಿದ್ದರು. ನಮ್ಮ ಸೀಮೆಯೂ ಗಾಲಿಯ ಕಷ್ಟ ಕಂಡದ್ದೇ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಎಳೆಯುವ ಎತ್ತುಗಳು ಸತ್ತು, ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿ ಬೆಂಗಳೂರಿಗೆ ಹಿಂತಿರುಗಿದ. ಜುಲೈಯಲ್ಲಿ ಅವನ ಸೈನ್ಯ ಹೊಸೂರನ್ನು ಹಿಡಿದದ್ದು ಬಾರಾಮಹಲಿನ ಕಡೆಯಿಂದ ಸಾಮಾನು ಬರುವ ದಾರಿಗಾಗಿ. ಯುದ್ಧ ನಡೆಯುತ್ತಿದ್ದದ್ದು ಎತ್ತು ಮತ್ತು ಗಾಲಿಯ ಮೇಲೆ. 1824ರಲ್ಲಿ ಕಂಪನಿ ಸರ್ಕಾರ ಹೊಸೂರಿನಲ್ಲಿ ಆರಂಭಿಸಿದ ಪಶುಕ್ಷೇತ್ರ ಇಂದಿಗೂ ಇದೆ.

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಸೈಕಲ್ ಟೈರು ಮಾಡಿದ. ಮುಂದೆ ಎತ್ತಿನ ಗಾಡಿಗೂ ಟೈರು ಬಂತು. ನಮ್ಮ ಹಿರಿಯರ ಬಾಯಲ್ಲಿ ಅದು 'ಟೈರು ಗಾಡಿ'. ಅಗಲವಾದ ಮೆತ್ತನೆಯ ಟೈರು ಮರಳಲ್ಲೂ ಕೆಸರಲ್ಲೂ ಹೂಳುವುದು ಕಡಿಮೆ, ಎತ್ತಿಗೂ ಹಗುರ. ಆದರೆ ಒಂದು ಮಾತು ಗಮನಿಸಿ. ಗಾಡಿಯ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುತ್ತವೆ. ಒಂದಕ್ಕೊಂದು ಲೆಕ್ಕ ಒಪ್ಪಿಸಬೇಕಾಗಿಲ್ಲ.

ಈ ಸ್ವಾತಂತ್ರ್ಯ ಜೀಪಿಗೆ ಇಲ್ಲ. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾದ ಜೀಪು ನಾಲ್ಕೂ ಚಕ್ರಗಳಿಂದ ನೂಕಿಕೊಂಡು ಹೋಗುವ ಗಾಡಿ. ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳನ್ನು ಕಟ್ಟಿಹಾಕುತ್ತದೆ. ಎರಡೂ ಅಷ್ಟೇ ಸುತ್ತು ತಿರುಗಬೇಕು. ಅದಕ್ಕೇ ಆ ಜೀಪಿನ ನಾಲ್ಕು ಚಕ್ರಕ್ಕೂ ಒಂದೇ ಅಳತೆ: 6.00-16.

ಈಗ ಲೆಕ್ಕ ಮಾಡೋಣ. ಮುಂದೆ 215/75 ಆರ್ 15 ಟೈರು ಇದೆ ಎನ್ನಿ. ಅಗಲ 215 ಮಿ.ಮೀ., ಪಕ್ಕದ ಎತ್ತರ ಅದರ ಶೇ. 75, ರಿಮ್ಮು 15 ಅಂಗುಲ ಅಂದರೆ 381 ಮಿ.ಮೀ. ಎರಡು ಪಕ್ಕದ ಎತ್ತರ 322.5 ಸೇರಿಸಿದರೆ ವ್ಯಾಸ 703.5. ಅದನ್ನು 22/7ರಿಂದ ಗುಣಿಸಿದರೆ ಸುತ್ತಳತೆ 2211 ಮಿ.ಮೀ. ಹಿಂದೆ 235/75 ಆರ್ 15 ಹಾಕಿದರೆ ಸುತ್ತಳತೆ ಸುಮಾರು 2305. ಒಂದು ಕಿಲೋಮೀಟರಿಗೆ ಮುಂದಿನ ಚಕ್ರ ಸುಮಾರು 452 ಸುತ್ತು, ಹಿಂದಿನದು 434. ಈ 18 ಸುತ್ತಿನ ಜಗಳ ಕೆಸರಿನಲ್ಲಿ ಜಾರಿ ತೀರುತ್ತದೆ. ಟಾರು ರಸ್ತೆಯಲ್ಲಿ ಟೈರು ಸುಲಭವಾಗಿ ಜಾರುವುದಿಲ್ಲ, ಗೇರುಗಳೇ ಅದನ್ನು ತಿನ್ನಬೇಕು. ಸದಾ ನಾಲ್ಕೂ ಚಕ್ರ ಓಡುವ ಕಾರುಗಳಲ್ಲಿ ನಡುವಿನ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ.

ಅದೇ 235/70 ಆರ್ 15 ಆದರೆ? ಅಗಲ ಅಷ್ಟೇ, ಸುತ್ತಳತೆ ಸುಮಾರು 2231. ವ್ಯತ್ಯಾಸ ಶೇ. 1ಕ್ಕೂ ಕಡಿಮೆ. ಅಂದರೆ ತಪ್ಪು ಅಗಲದ್ದಲ್ಲ, ಸುತ್ತಳತೆಯದ್ದು. ಕೃಷ್ಣಗಿರಿ ಹೆದ್ದಾರಿಯ ಲಾರಿ ನೋಡಿ. ಹಿಂದೆ ಹೆಚ್ಚು ಅಗಲ ಬೇಕಾದಾಗ ಅದೇ ಅಳತೆಯ ಟೈರನ್ನು ಜೋಡಿಯಾಗಿ ಹಾಕುತ್ತಾರೆ. ಫೋರ್ ವೀಲ್ ಟ್ರಾಕ್ಟರಿನಲ್ಲಿ ಹಿಂದಿನ ಚಕ್ರ ದೊಡ್ಡದಲ್ಲವೇ ಎಂದು ಕೇಳಬಹುದು. ಅಲ್ಲಿ ಮುಂದಿನ ಚಿಕ್ಕ ಚಕ್ರ ಹೆಚ್ಚು ಸುತ್ತು ತಿರುಗುವಂತೆ ಗೇರನ್ನೇ ಬೇರೆ ಮಾಡಿರುತ್ತಾರೆ. ಅಲ್ಲೂ ಹಿಂದಿನದನ್ನು ಮಾತ್ರ ಬದಲಿಸಿದರೆ ಆ ಲೆಕ್ಕ ಕೆಡುತ್ತದೆ.

ಆದ್ದರಿಂದ ಫೋರ್ ವೀಲ್ ಗಾಡಿಗೆ ನಾಲ್ಕೂ ಒಂದೇ ಅಳತೆಯ, ಒಂದೇ ಸಮ ಸವೆದ ಟೈರು ಇರಲಿ. ಹಿಂದೆ ಅಗಲ ಬೇಕೇ ಬೇಕೆಂದರೆ ಗಾಡಿ ತಯಾರಿಸಿದವರು ಒಪ್ಪಿದ ಅಳತೆಯನ್ನೇ ಹಾಕಿಸಿ.

ಆ ಹುಡುಗ ಹೋಗುವಾಗ ಹೇಳಿದ ಮಾತು ನಮ್ಮನ್ನು ಚುಚ್ಚಿತು. "ಈ ಲೆಕ್ಕ ನಮಗೆ ಯಾರೂ ಹೇಳಿಕೊಡಲಿಲ್ಲ ಸಾರ್." ಹೇಳಿಕೊಟ್ಟಿದ್ದೆವು. ವೃತ್ತದ ಪಾಠದಲ್ಲಿ, ಕನ್ನಡದಲ್ಲೇ. ಆದರೆ ಕಪ್ಪುಹಲಗೆಯ ವೃತ್ತವನ್ನು ನಾವು ಒಮ್ಮೆಯೂ ಚಕ್ರದ ಹತ್ತಿರ ಒಯ್ಯಲಿಲ್ಲ. ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿರುವ ಈ ಊರಿನಲ್ಲಿ ಕನ್ನಡ ಪಾಠ ಏನು ಕೆಲಸಕ್ಕೆ ಬರುತ್ತದೆ ಎಂದು ಪಾಲಕರು ಕೇಳುತ್ತಾರೆ. ಉತ್ತರ ನಮ್ಮ ಕೈಯಲ್ಲೇ ಇತ್ತು.

ಈ ವರ್ಷ ಆ ಪಾಠಕ್ಕೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆವು. ಟೈರಿಗೆ ಸೀಮೆಸುಣ್ಣದ ಗುರುತು, ನೆಲಕ್ಕೊಂದು ಗುರುತು, ಒಂದು ಸುತ್ತು ಉರುಳಿಸಿ ಟೇಪು ಹಿಡಿಯುವುದು. ಅಷ್ಟೇ. ನಿಮ್ಮ ಶಾಲೆಯಲ್ಲೂ ಮಾಡಿ ನೋಡಿ.