ಅಜಾಕ್ಸ್ (ಜಾಲ ತಂತ್ರಜ್ಞಾನ)

ಅಜಾಕ್ಸ್ ಎಂಬುದು ಜಾಲಪುಟವನ್ನು ಪೂರ್ತಿಯಾಗಿ ಮತ್ತೆ ತೆರೆಯದೆ, ಬ್ರೌಸರ್ ಹಿನ್ನೆಲೆಯಲ್ಲಿ ಸರ್ವರ್‌ನೊಂದಿಗೆ ದತ್ತಾಂಶ ವಿನಿಮಯ ಮಾಡಿಕೊಂಡು, ಪುಟದ ಅಗತ್ಯ ಭಾಗವನ್ನಷ್ಟೇ ಬದಲಾಯಿಸುವ ತಂತ್ರಗಳ ಸಮೂಹವಾಗಿದೆ. ಇದು ‘ಅಸಿಂಕ್ರೊನಸ್ ಜಾವಾಸ್ಕ್ರಿಪ್ಟ್ ಮತ್ತು ಎಕ್ಸ್‌ಎಂಎಲ್’ ಎಂಬುದರ ಸಂಕ್ಷಿಪ್ತ ರೂಪ. ಅಸಿಂಕ್ರೊನಸ್ ಎಂದರೆ ಅಸಮಕಾಲಿಕ: ಕೋರಿಕೆಗೆ ಉತ್ತರ ಬರುವವರೆಗೆ ಪುಟವು ಸ್ತಬ್ಧವಾಗುವುದಿಲ್ಲ, ಬಳಕೆದಾರರು ತಮ್ಮ ಕೆಲಸವನ್ನು ಮುಂದುವರಿಸಬಹುದು.

ಇತಿಹಾಸ

ಈ ತಂತ್ರಕ್ಕೆ ಆಧಾರವಾದ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಎಂಬ ಸೌಲಭ್ಯವನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಔಟ್‌ಲುಕ್‌ನ ಜಾಲ ಆವೃತ್ತಿಗಾಗಿ ರೂಪಿಸಿ, 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಮೂಲಕ ಹೊರತಂದಿತು. 2004ರಲ್ಲಿ ಬಂದ ಜಿಮೇಲ್ ಹಾಗೂ 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ಇದರ ಸಾಧ್ಯತೆಗಳನ್ನು ಜನಸಾಮಾನ್ಯರಿಗೆ ಪರಿಚಯಿಸಿದವು. ‘ಅಜಾಕ್ಸ್’ ಎಂಬ ಹೆಸರನ್ನು ಜೆಸ್ಸಿ ಜೇಮ್ಸ್ ಗ್ಯಾರೆಟ್ ಅವರು 2005ರ ಫೆಬ್ರವರಿ 18ರಂದು ಪ್ರಕಟವಾದ ಲೇಖನದಲ್ಲಿ ಬಳಸಿದರು. ಈಗ ಎಕ್ಸ್‌ಎಂಎಲ್‌ಗೆ ಬದಲಾಗಿ ಹೆಚ್ಚಾಗಿ ಜೆಸನ್ ಬಳಕೆಯಲ್ಲಿದ್ದು, ಕೋರಿಕೆಗಳಿಗೆ ‘ಫೆಚ್’ ಎಂಬ ಹೊಸ ವಿಧಾನವೂ ಇದೆ.

ಕಾರ್ಯವಿಧಾನ

ಕರ್ನಾಟಕದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರನ್ನು ಕ್ರಮವಾಗಿ ತಿಳಿಸಬೇಕು. ಈ ಬಗೆಯ ನಮೂನೆಯನ್ನು ಹಳೆಯ ಪದ್ಧತಿಯಲ್ಲಿ ರಚಿಸಿದರೆ ಪ್ರತಿ ಆಯ್ಕೆಗೂ ಇಡೀ ಪುಟ ಮತ್ತೆ ಬರಬೇಕಾಗುತ್ತದೆ. ಅಜಾಕ್ಸ್ ಬಳಸಿದಾಗ ಕೆಲಸ ಹೀಗೆ ನಡೆಯುತ್ತದೆ:

1. ಬಳಕೆದಾರರು ‘ಬಳ್ಳಾರಿ’ ಜಿಲ್ಲೆಯನ್ನು ಆರಿಸುತ್ತಾರೆ.
2. ಜಾವಾಸ್ಕ್ರಿಪ್ಟ್ ಆ ಜಿಲ್ಲೆಯ ಸಂಕೇತವನ್ನಷ್ಟೇ ಸರ್ವರ್‌ಗೆ ಕಳುಹಿಸುತ್ತದೆ.
3. ಸರ್ವರ್ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಪಟ್ಟಿಯನ್ನು ಹಿಂದಿರುಗಿಸುತ್ತದೆ.
4. ತಾಲ್ಲೂಕಿನ ಪಟ್ಟಿ ಮಾತ್ರ ಬದಲಾಗುತ್ತದೆ. ಈಗಾಗಲೇ ತುಂಬಿದ ವಿವರಗಳು ಉಳಿಯುತ್ತವೆ.

ಪಟ್ಟಿಯು ಸರ್ವರ್‌ನಲ್ಲಿರುವುದರಿಂದ, 2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕಗೊಂಡಂತಹ ಬದಲಾವಣೆಗಳನ್ನು ಅಲ್ಲಿ ತಿದ್ದಿದರೆ ಸಾಕು.

ಕನ್ನಡ ಹುಡುಕಾಟ

ಬರೆಯುತ್ತಿರುವಾಗಲೇ ಸಲಹೆ ನೀಡುವ ಹುಡುಕಾಟ ಪೆಟ್ಟಿಗೆಗಳೂ ಇದೇ ತಂತ್ರವನ್ನು ಅವಲಂಬಿಸಿವೆ. ‘ಬಳ್ಳಾರಿ’ ಓದುಗರಿಗೆ 3 ಅಕ್ಷರಗಳಾಗಿ ಕಂಡರೂ ಯೂನಿಕೋಡ್‌ನಲ್ಲಿ ಅದು 7 ಸಂಕೇತಗಳು; ಯುಟಿಎಫ್-8ರಲ್ಲಿ 21 ಬೈಟ್‌ಗಳು. ಪ್ರತಿ ಕೀಲಿಗೂ ಕೋರಿಕೆ ಕಳುಹಿಸಿದರೆ ‘ಬಳ್’ ಎಂಬಂತಹ ಅಪೂರ್ಣ ರೂಪಗಳಿಗೂ ಸರ್ವರ್ ಉತ್ತರಿಸಬೇಕಾಗುತ್ತದೆ. ಆದ್ದರಿಂದ ಬೆರಳು ಕ್ಷಣಕಾಲ ನಿಂತ ನಂತರವೇ ಕೋರಿಕೆ ಕಳುಹಿಸುವುದು ರೂಢಿ.

ಉತ್ತರಗಳು ಕಳುಹಿಸಿದ ಕ್ರಮದಲ್ಲೇ ಬರುತ್ತವೆ ಎಂಬ ಖಾತರಿಯಿಲ್ಲ. ‘ಕೌಲ್ ಬಜಾರ್’ ಎಂದು ಪೂರ್ತಿ ಬರೆದ ಮೇಲೆ, ಮೊದಲು ಬರೆದ ‘ಕೌ’ ಎಂಬುದರ ಉತ್ತರ ತಡವಾಗಿ ಬಂದು ಸರಿಯಾದ ಪಟ್ಟಿಯನ್ನು ಅಳಿಸಬಹುದು. ಇದನ್ನು ತಡೆಯಲು ಹಳೆಯ ಕೋರಿಕೆಯನ್ನು ರದ್ದುಗೊಳಿಸಬೇಕು.

ಮಿತಿಗಳು

ಪುಟ ಮರುತೆರೆಯುವಾಗ ಬ್ರೌಸರ್ ತಾನಾಗಿಯೇ ತೋರಿಸುತ್ತಿದ್ದ ಸೂಚನೆಗಳು ಅಜಾಕ್ಸ್‌ನಲ್ಲಿ ಇರುವುದಿಲ್ಲ. ಸಂಪರ್ಕ ಕಡಿತಗೊಂಡರೂ ಪುಟ ಯಥಾಸ್ಥಿತಿಯಲ್ಲಿ ಕಾಣುವುದರಿಂದ, ಅರ್ಜಿ ಸಲ್ಲಿಕೆಯಾಯಿತೆಂದು ಅರ್ಜಿದಾರರು ಭಾವಿಸಬಹುದು. ಅಥವಾ ಗುಂಡಿಯನ್ನು ಮತ್ತೆ ಒತ್ತಿ ಎರಡು ಬಾರಿ ಸಲ್ಲಿಸಬಹುದು. ಆದ್ದರಿಂದ ಕಾಯುವಿಕೆ, ಯಶಸ್ಸು ಮತ್ತು ವೈಫಲ್ಯಗಳನ್ನು ಸ್ಪಷ್ಟವಾಗಿ ತಿಳಿಸುವುದು ಅಭಿವೃದ್ಧಿಕಾರರ ಹೊಣೆ. ‘ಹಿಂದೆ’ ಗುಂಡಿಯ ವರ್ತನೆಯನ್ನೂ ಪ್ರತ್ಯೇಕವಾಗಿ ನಿರ್ವಹಿಸಬೇಕು. ಪುಟದಲ್ಲಾದ ಬದಲಾವಣೆಯನ್ನು ಪರದೆ ಓದುವ ತಂತ್ರಾಂಶಕ್ಕೆ ತಿಳಿಸದಿದ್ದರೆ ದೃಷ್ಟಿದೋಷವುಳ್ಳವರಿಗೆ ಅದು ಗೊತ್ತಾಗದು.