ಮೋರೇರ ಮನೆ ಕಾಯೋರು ಯಾರು?

ನಮ್ಮೂರ ಸ್ಮಶಾನಕ್ಕೆ ಬೇಲಿ ಇಲ್ಲ, ಹೆಣ ಒಯ್ಯೋಕೆ ದಾರಿ ಇಲ್ಲ ಅಂತ ನನ್ನ ಕಾರ್ಯಕ್ರಮಕ್ಕೆ ಆಗಾಗ ಫೋನ್ ಬರುತ್ತೆ. ದೂರು ಹೇಳೋಕೆ ಅಲ್ಲಿ ಮಣ್ಣಾದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಆದರೆ ಸುಮಾರು 2800 ವರ್ಷ ಹಳೆಯ ಸ್ಮಶಾನದ ಪರವಾಗಿ ಫೋನ್ ಮಾಡೋರು ಯಾರು?

ಅಂಥದ್ದೊಂದು ನಮ್ಮಲ್ಲೇ ಇದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರ, ಹಿರೇಬೆಣಕಲ್ ಗುಡ್ಡದ ಮೇಲೆ. ಸುಮಾರು 400 ಶಿಲಾಸಮಾಧಿಗಳು! ವಿಜಯನಗರ ಶುರುವಾಗಿದ್ದು 1336ರಲ್ಲಿ. ಆ ಹೊತ್ತಿಗೇ ಇಲ್ಲಿನ ಹಳೆಯ ಸಮಾಧಿಗಳಿಗೆ ಎರಡು ಸಾವಿರ ವರ್ಷ ವಯಸ್ಸು. ಹಂಪಿ ನೋಡೋಕೆ ಬಸ್ಸುಗಟ್ಟಲೆ ಬರೋ ಜನ ಇತ್ತ ತಲೆ ಹಾಕೋದು ಕಮ್ಮಿ.

ಜೊತೆಗೆ ಬಂದಿದ್ದ ಊರ ಹಿರಿಯರೊಬ್ಬರು, "ಇವು ಮೋರೇರ ಮನಿರೀ ಸರ. ಗಿಡ್ಡ ಮಂದಿ ಇದ್ರಂತ, ಇದರಾಗ ಬಾಳ್ವಿ ಮಾಡ್ತಿದ್ರಂತ" ಅಂದರು. ಕಿಂಡಿ ಮುಂದೆ ಹೋಗುವಾಗ ಚಪ್ಪಲಿ ಬಿಟ್ಟರು. ಇತಿಹಾಸದ ಲೆಕ್ಕದಲ್ಲಿ ಅವರ ಮಾತು ತಪ್ಪು. ಆದರೆ ಮನೆ ಅಂತ ನಂಬಿದವರು ಕಲ್ಲು ಕೀಳಲಿಲ್ಲ. ಒಳಗೆ ನಿಧಿ ಇದೆ ಅಂತ ನಂಬಿದವರು ಬಿಡಲಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಕಣ್ಣು ಮೊದಲು ಹೋಗಿದ್ದು ಕಟ್ಟಿದ ರೀತಿ ಕಡೆಗೆ. ಗಾರೆ ಇಲ್ಲ, ಮೊಳೆ ಇಲ್ಲ. ನಿಲ್ಲಿಸಿದ ಚಪ್ಪಡಿಗಳು ಒಂದಕ್ಕೊಂದು ಆತುಕೊಂಡಿವೆ, ಮೇಲೆ ಇನ್ನೊಂದು ಭಾರಿ ಚಪ್ಪಡಿ. ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಚಾವಣಿಯ ತೂಕವೇ ಗೋಡೆಗಳನ್ನು ಅದುಮಿ ಹಿಡಿಯುತ್ತೆ. ಇಸ್ಪೀಟ್ ಎಲೆಯ ಮನೆ ಇದ್ದ ಹಾಗೆ. ಯಾರೋ ರಾತ್ರಿ ಬಂದು ಹಾರೆಯಿಂದ ಒಂದು ಚಪ್ಪಡಿ ಮೀಟಿದರೆ ಸಾಕು, ಇಡೀ ಸಮಾಧಿ ಮಗ್ಗುಲಿಗೆ ಮಲಗುತ್ತೆ.

ಮೀಟಿದವನಿಗೆ ಸಿಗೋದಾದ್ರೂ ಏನು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಇದೇ ಕಾಲದ ಗೋರಿಗಳನ್ನು ಅಗೆಸಿದ್ದರು. ಮಡಕೆ, ಮೂಳೆ, ಮಣಿ, ಕಬ್ಬಿಣದ ಸಾಮಾನು. ನಮಗೆ ಅದೇ ನಿಧಿ, ಕಳ್ಳನಿಗೆ ಕಸ. ಅವನು ಅದನ್ನ ಚೆಲ್ಲಿ ಹೋಗ್ತಾನೆ. ಅಲ್ಲಿಗೆ ಆ ಸಮಾಧಿಯ ಕಥೆ ಮುಗೀತು.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ನಾವೂ ಬ್ರೇಕಿಂಗ್ ನ್ಯೂಸ್ ಹೊಡೆದು ಸಂಭ್ರಮಿಸಿದ್ವಿ. ಪಟ್ಟಿ ಬಂದು ರಾತ್ರಿ ಕಾವಲು ಕಾಯಲ್ಲ ಸ್ವಾಮಿ. ಕೋಟಿಗಟ್ಟಲೆ ಸುರಿದು ಗುಡ್ಡಕ್ಕೆ ಕಾಂಕ್ರೀಟ್ ಮೆಟ್ಟಿಲು ಮಾಡೋದೂ ಬೇಡ. ಆ ಊರಿನ ನಾಲ್ಕು ಹುಡುಗರಿಗೆ ತಿಂಗಳ ಸಂಬಳ ಕೊಡಿ. ಮುಳ್ಳುಗಿಡ ಸವರಲಿ, ಬೇರು ಚಪ್ಪಡಿ ಸೀಳದಂತೆ ನೋಡಲಿ, ವರ್ಷಕ್ಕೊಮ್ಮೆ ಪ್ರತಿ ಸಮಾಧಿಯ ಫೋಟೋ ತೆಗೆದಿಡಲಿ. ಹೋದ ವರ್ಷ ನಿಂತಿದ್ದು ಈ ವರ್ಷ ಬಿದ್ದಿದ್ದರೆ ಆಗ ಗೊತ್ತಾಗುತ್ತೆ.

ಇನ್ನೊಂದು ಮಾತು, ಹೇಳದೆ ಇದ್ರೆ ತಪ್ಪಾಗುತ್ತೆ. ಅವತ್ತು ಬಿಸಿಲು ಜೋರಿತ್ತು. ಸೊಂಟದೆತ್ತರದ ಚಪ್ಪಡಿಯೊಂದರ ಮೇಲೆ ಕೂತು ನಾನು ಸ್ಕ್ರಿಪ್ಟ್ ಓದಿಕೊಳ್ತಿದ್ದೆ. ಆ ಹಿರಿಯರು ಹತ್ತಿರ ಬಂದು ಮೆಲ್ಲಗೆ, "ಸರ, ಅದೂ ಒಂದು ಮನಿನರೀ" ಅಂದರು. ಇಳಿದು ನೋಡಿದೆ. ಕೆಳಗೆ ಅರ್ಧ ಮಣ್ಣು ತುಂಬಿದ ಕಿಂಡಿ ಕಾಣ್ತು.