ಮಲೆನಾಡಿನ ಮಂಗನ ಕಾಯಿಲೆಯೂ ಪ್ರಾಣಿರೋಗಪರೀಕ್ಷೆಯೂ

ಪ್ರಾಣಿಗಳ ರೋಗಗಳನ್ನು ವಿಚಾರಿಸಿ ಗ್ರಂಥಸ್ಥಗೊಳಿಸುವ ಸಂಪ್ರದಾಯವು ಕನ್ನಡನಾಡಿನಲ್ಲಿ ಪ್ರಾಚೀನವಾದುದು. ಚಾಲುಕ್ಯವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ದಲ್ಲಿ ಗಜಾಶ್ವಗಳ ವಿಷಯವೂ ಉಂಟು. ಆ ಕೆಳದಿಯರಸರು ಆಳಿದ ಮಲೆಸೀಮೆಯಲ್ಲಿಯೇ 1957ರಲ್ಲಿ ಕಾಡಿನ ಕಪಿಯೂ ಇಂತಹ ವಿಚಾರಕ್ಕೆ ಒಳಗಾಯಿತು.

ಆ ವರ್ಷ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದ ಸುತ್ತಣ ಹಳ್ಳಿಗಳಲ್ಲಿ ಜನರಿಗೆ ತೀವ್ರಜ್ವರವು ತಗುಲಿತು. ಅದೇ ಕಾಲದಲ್ಲಿ ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತುಬೀಳುತ್ತಿದ್ದವು. ಹಳ್ಳಿಗರು ಎರಡನ್ನೂ ಕೂಡಿಸಿ ‘ಮಂಗನ ಕಾಯಿಲೆ’ ಎಂದರು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರಿಗೆ, ಏಷ್ಯಾಖಂಡದಲ್ಲಿ ಅದುವರೆಗೆ ಕಾಣದ ಪೀತಜ್ವರವೇ ಬಂದಿತೋ ಎಂಬ ಶಂಕೆಯುಂಟಾಯಿತು. ಅಮೆರಿಕದ ಕಾಡುಗಳಲ್ಲಿ ಆ ಜ್ವರವೂ ಕಪಿಗಳನ್ನು ಕೊಲ್ಲುವುದಷ್ಟೆ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಸತ್ತ ಕಪಿಯ ಅಂಗಾಂಶಗಳನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ ವೈರಾಣುವನ್ನು ಬೇರ್ಪಡಿಸಿದರು. ಅದು ರಷ್ಯಾದೇಶದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ಹತ್ತಿರದ್ದೆಂದು ನಿರ್ಣಯವಾಯಿತು.

ಇಲ್ಲಿ ಹಳ್ಳಿಗರಿಟ್ಟ ಹೆಸರಿನ ಷಷ್ಠೀವಿಭಕ್ತಿಯು ವಿಚಾರಾರ್ಹವಾಗಿದೆ. ಮಂಗನಿಂದ ಬಂದ ಕಾಯಿಲೆಯೋ, ಮಂಗನಿಗೂ ಬಂದ ಕಾಯಿಲೆಯೋ? ಲೋಕದಲ್ಲಿ ಮೊದಲನೆಯ ಅರ್ಥವೇ ರೂಢವಾಗಿ ಕಪಿಯು ಅಪರಾಧಿಯೆನಿಸಿತು. ಪರೀಕ್ಷೆಯು ಎರಡನೆಯದನ್ನು ಸಮರ್ಥಿಸಿತು. ಮಲೆನಾಡಿಗರು ಉಣುಗು ಎನ್ನುವ ಉಣ್ಣೆಯ ಮರಿಗಳು ಕಚ್ಚುವುದರಿಂದ ಮನುಷ್ಯನಿಗೂ ಕಪಿಗೂ ಸೋಂಕು ತಗುಲುತ್ತದೆ. ಸತ್ತ ಕಪಿಯ ಮೈಬಿಟ್ಟ ಉಣುಗುಗಳು ಅಲ್ಲಿಯ ತರಗೆಲೆಗಳಲ್ಲಿ ಉಳಿದು, ಸೌದೆಗೋ ಸೊಪ್ಪಿಗೋ ಹೋದವರನ್ನು ಹತ್ತುತ್ತವೆ. ಕಾಡಿನಲ್ಲಿ ಮೇಯುವ ದನಗಳು ಈ ರೋಗದಿಂದ ನರಳುವುದಿಲ್ಲ. ಆದರೂ ಬೆಳೆದ ಉಣುಗುಗಳು ಅವುಗಳ ರಕ್ತವನ್ನು ಹೀರಿ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತವೆ.

ಆದಕಾರಣ ಸತ್ತ ಕಪಿಯ ಪರೀಕ್ಷೆಯು ಮನುಷ್ಯರಕ್ಷಣೆಯ ಮೊದಲ ಮೆಟ್ಟಿಲು. ಪಶುವೈದ್ಯರು ಶವವನ್ನು ತೆರೆದು ಮಿದುಳು, ಯಕೃತ್ತು ಮೊದಲಾದವುಗಳ ತುಣುಕುಗಳನ್ನು ತಂಪಿನಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಕೊಳೆತ ಶವವು ಅಕ್ಷರ ಸವೆದ ಶಾಸನದಂತೆ. ಅದರಿಂದ ನಿರ್ಣಯವು ದುಸ್ಸಾಧ್ಯ. ನೆಲದ ಮೇಲೆ ಬಿಳಿಯ ಬಟ್ಟೆಯನ್ನೆಳೆದು, ಅದಕ್ಕೆ ಹತ್ತಿದ ಉಣುಗುಗಳನ್ನೂ ಪರೀಕ್ಷಿಸುವುದುಂಟು. ಹಿಂದೆ ಇಲಿಮರಿಗಳಲ್ಲಿ ರೋಗವು ತೋರುವವರೆಗೆ ದಿನಗಟ್ಟಲೆ ಕಾಯಬೇಕಾಗಿದ್ದಿತು, ಈಗ ಪಿ.ಸಿ.ಆರ್. ಪರೀಕ್ಷೆಯಿಂದ ಕೆಲವು ಗಂಟೆಗಳಲ್ಲಿ ಫಲವು ತಿಳಿಯುತ್ತದೆ.

ಪಶುವೈದ್ಯಕ್ಕೂ ಮನುಷ್ಯವೈದ್ಯಕ್ಕೂ ಇರುವ ನಂಟಿಗೆ ಇನ್ನೊಂದು ನಿದರ್ಶನವುಂಟು. ದನಗಳ ದೊಡ್ಡರೋಗವನ್ನು ತಡೆಯಲು 1925ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಸೀರಂ ಸಂಸ್ಥೆಯೇ, ಮುಂದೆ ಬೇರೆ ಹೆಸರನ್ನು ತಳೆದು, ಮನುಷ್ಯರಿಗಾಗಿ ಮಂಗನ ಕಾಯಿಲೆಯ ಲಸಿಕೆಯನ್ನು ಸಿದ್ಧಪಡಿಸಿತು. ಅದರ ಬಲವು ಸಾಲದೆಂದು ಕಂಡುಬಂದು 2022ರಲ್ಲಿ ಆ ಲಸಿಕೆಯನ್ನು ಹಾಕುವುದು ನಿಂತಿತು. ಅದಕ್ಕೆ ಮೊದಲೇ, 2018ರ ಕೊನೆಯಿಂದ 2019ರ ಆದಿಭಾಗದವರೆಗೆ, ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ಮೃತರಾಗಿದ್ದರು. ಬಳಿಕ ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳಲ್ಲಿಯೂ ಪ್ರಾಣಹಾನಿಯಾಯಿತು.

ಆ ಲಸಿಕೆಯ ಆಸರೆಯು ತಪ್ಪಿದ ಮೇಲೆ ಮುನ್ನೆಚ್ಚರಿಕೆಯ ಬೆಲೆಯು ಹೆಚ್ಚಿತು. 1957ರಲ್ಲಿ ಕಪಿಗಳ ಸಾವನ್ನೂ ಜ್ವರವನ್ನೂ ಮೊದಲು ಜೋಡಿಸಿ ನೋಡಿದವರು ಹಳ್ಳಿಗರು. ಆ ಜೋಡಣೆಯ ಕಾರಣವನ್ನು ತೋರಿಸಿದುದು ಪ್ರಯೋಗಶಾಲೆ. ಇಂದಿಗೂ ಕಾಡಿನಂಚಿನಲ್ಲಿ ಕಪಿ ಸತ್ತುದನ್ನು ಕಂಡವರು ಅದನ್ನು ಮುಟ್ಟದೆ ಅಂದೇ ಪಶುವೈದ್ಯರಿಗೆ ತಿಳಿಸಿದಲ್ಲಿ, ಪರೀಕ್ಷೆಯು ಸಕಾಲದಲ್ಲಿ ನಡೆದು, ಆ ದಾರಿಯಲ್ಲಿ ಸೌದೆಗೆ ಹೋಗುವವರ ಪ್ರಾಣವು ಉಳಿಯಲು ಅವಕಾಶವಾಗುತ್ತದೆ.